ನಲವತ್ತು ಸೆಕೆಂಡಿನ ಕೀರ್ತಿ

ಹೋದ ವರ್ಷದ ಶ್ರಾವಣದಲ್ಲಿ ನಮ್ಮ ಗುರುಗುಂಟಾದಲ್ಲಿ ಪುರಾಣ ಹೇಳುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ಈ ಭಾಗದ ಊರೂರುಗಳಲ್ಲಿ ಶ್ರಾವಣವೆಂದರೆ ಕಲಬುರಗಿಯ ಶರಣಬಸವೇಶ್ವರರ ಪುರಾಣ. ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲದಿಂದ ಮರಳಿದವರು, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿದವರು, ಕೈಕಾಲು ತೊಳೆದುಕೊಂಡು ಬಂದು ಕೂಡುತ್ತಿದ್ದರು. ಅಂದು ದಾಸೋಹದ ಪ್ರಸಂಗವಿತ್ತು. ನಾವು ಸುಮಾರು ಒಂದೂಕಾಲು ತಾಸು ಮಾತನಾಡಿದೆವು.

ನಮ್ಮ ಮಠದ ಪಾಠಶಾಲೆಯಲ್ಲಿ ಗುರುಗಳು ಕಲಿಸಿದ ಕ್ರಮವೊಂದುಂಟು. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಲು ಬಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲವೆಂದು ಅವರು ಬೆತ್ತ ಹಿಡಿದೇ ಹೇಳುತ್ತಿದ್ದರು. ಆ ಅಭ್ಯಾಸದಂತೆ ಅಂದು ನಾವು, "ದಾಸೋಹದಿಂದ ಮಂದಿ ಮೈಗಳ್ಳರಾಗುತ್ತಾರೆ, ಪುಕ್ಕಟೆ ಉಂಡವನು ಕಾಯಕವನ್ನು ಮರೆಯುತ್ತಾನೆ" ಎಂಬ ಆಕ್ಷೇಪವನ್ನು ಕೈಯೆತ್ತಿ, ದನಿಯೇರಿಸಿ, ಒಂದಿಷ್ಟು ನಗೆಚಾಟಿಕೆಯೊಡನೆ ಮಂಡಿಸಿದೆವು. ಜನರು ನಕ್ಕರು. ಅನಂತರ ಒಂದು ತಾಸು ಅದನ್ನು ಎಳೆಎಳೆಯಾಗಿ ಬಿಡಿಸಿ ಖಂಡಿಸಿದೆವು. ಆಗ ಯಾರೂ ನಗಲಿಲ್ಲ. ಮುಂದೆ ಕುಳಿತ ಹಿರಿಯರು ಮಾತ್ರ ತಲೆದೂಗಿದರು.

ಲಿಂಗಸುಗೂರಿನಲ್ಲಿ ಬಿ.ಎ. ಓದುವ ನಮ್ಮೂರ ಹುಡುಗನೊಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದ. ನಾಲ್ಕು ದಿನಗಳ ಮೇಲೆ ಓಡುತ್ತ ಬಂದು, "ಅಜ್ಜಾರ, ನಿಮ್ಮ ಮಾತು ಎರಡು ಲಕ್ಷ ಮಂದಿ ನೋಡ್ಯಾರ್ರೀ!" ಎಂದ.

ಸತ್ಯವನ್ನೇ ಹೇಳಬೇಕು. ನಮಗೆ ಹಿಗ್ಗಾಯಿತು. ಮೂವತ್ತು ವರ್ಷ ಗ್ರಂಥಗಳನ್ನು ಮಥಿಸಿ ಬರೆದ ಎರಡು ಪುಸ್ತಕಗಳ ಐನೂರು ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ನಮ್ಮ ಅಟ್ಟದ ಮೇಲಿವೆ. ಎರಡು ಲಕ್ಷವೆಂದರೆ ಎಷ್ಟು ಜಾತ್ರೆಗಳ ಜನವೆಂದು ಮನಸ್ಸು ತಾನೇ ಲೆಕ್ಕ ಹಾಕತೊಡಗಿತು. ಅಂದು ಸಂಜೆ ಆ ಹುಡುಗನನ್ನು ಮೂರು ಸಲ ಕೂಗಿ, ಈಗ ಎಷ್ಟಾಯಿತೆಂದು ಕೇಳಿದೆವು. ಲಿಂಗಪೂಜೆಗೆ ಕುಳಿತಾಗಲೂ ಆ ಅಂಕಿ ಕಣ್ಣ ಮುಂದೆ ಸುಳಿಯಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮರುದಿನ ಪಾಠಶಾಲೆಯ ನಮ್ಮ ಸಹಪಾಠಿಯೊಬ್ಬರು ಫೋನು ಮಾಡಿದರು. ನಲವತ್ತೈದು ವರ್ಷಗಳ ಸ್ನೇಹ. "ದಾಸೋಹದ ಅನ್ನ ಉಂಡು ಓದಿದ ನೀವೇ ಹೀಗೆ ಹೇಳಬಹುದೇ?" ಎಂದವರ ಕಂಠ ನಡುಗುತ್ತಿತ್ತು. ನಮಗೆ ಅರ್ಥವಾಗಲಿಲ್ಲ. ಹುಡುಗನನ್ನು ಕರೆಸಿ ವಿಡಿಯೊ ನೋಡಿದೆವು. ಒಂದೂಕಾಲು ತಾಸಿನ ಪ್ರವಚನದಲ್ಲಿ ಅವನು ಕತ್ತರಿಸಿ ಹಾಕಿದ್ದು ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡೂ ಪೂರ್ವಪಕ್ಷ! ಕೆಳಗೆ ನೂರಾರು ಜನ "ಖರೆ ಹೇಳಿದ್ರಿ" ಎಂದು ಹೊಗಳಿದ್ದರು. ಅಷ್ಟೇ ಜನ ನಮ್ಮ ರುದ್ರಾಕ್ಷಿ, ವಿಭೂತಿಗಳನ್ನು ಎತ್ತಿ ಆಡಿಕೊಂಡಿದ್ದರು. ನಾವು ಒಪ್ಪದ ಮಾತಿಗೆ ನಮಗೆ ಕೀರ್ತಿಯೂ ಬಂದಿತ್ತು, ಅಪಕೀರ್ತಿಯೂ ಬಂದಿತ್ತು.

ಹುಡುಗನಲ್ಲಿ ಕಪಟವಿರಲಿಲ್ಲ. "ಮಂದಿ ನಕ್ಕಿದ್ದು ಅಲ್ಲೇ ಅಲ್ರೀ ಅಜ್ಜಾರ" ಎಂದ. ಅದನ್ನು ತೆಗೆಸಿ, ಪೂರ್ಣ ಪ್ರವಚನವನ್ನು ಹಾಕಿಸಿದೆವು. ಒಂದು ತಿಂಗಳಲ್ಲಿ ಅದನ್ನು ನೋಡಿದವರು ಇನ್ನೂರ ಹನ್ನೆರಡು ಜನ. ತೆಗೆಸಿದ ತುಣುಕನ್ನು ಅಷ್ಟರಲ್ಲಿ ಬೇರೆಯವರು ತಮ್ಮ ಚಾನೆಲ್ಲುಗಳಿಗೆ ಏರಿಸಿಕೊಂಡಿದ್ದರು. ಅದು ಇಂದಿಗೂ ತಿರುಗುತ್ತಿದೆ.

ಈ ಗದ್ದಲದ ನಡುವೆಯೇ ಒಬ್ಬ ದಲ್ಲಾಳಿಯ ಫೋನು ಬಂದಿತು. ಮೊಣಕಾಲು ನೋವಿನ ಎಣ್ಣೆಯ ಶೀಶೆಯನ್ನು ಕೈಯಲ್ಲಿ ಹಿಡಿದು ಎರಡು ಮಾತು ಹೇಳಬೇಕಂತೆ. "ಜಾಹೀರಾತು ಅಂತ ಹೇಳಬ್ಯಾಡ್ರೀ, ನೀವೇ ಹಚ್ಚಿಕೊಂಡ್ಹಂಗ ಹೇಳ್ರಿ" ಎಂಬುದು ಅವನ ಸೂಚನೆ. ಹಣ ಪಡೆದು ಸರಕನ್ನು ಹೊಗಳುವವರು ಅದನ್ನು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು ನಮಗೆ ಆಮೇಲೆ ತಿಳಿಯಿತು. ನಮ್ಮ ಮೊಣಕಾಲು ನೋಯುವುದು ನಿಜ. ಆ ಎಣ್ಣೆಯನ್ನು ನಾವು ಕಂಡವರೂ ಅಲ್ಲ. ಬೇಡವೆಂದೆವು. ಅವನು ಹೇಳಿದ ಮೊತ್ತ ನಮ್ಮ ನಾಲ್ಕು ತಿಂಗಳ ಖರ್ಚಿಗೆ ಸಾಕಾಗುವಂತಿತ್ತೆಂಬುದನ್ನು ಮಾತ್ರ ಇಂದಿಗೂ ಮರೆತಿಲ್ಲ.

ಇಷ್ಟಾದ ಮೇಲೆ ಈ ಯಂತ್ರದ ಒಳಗುಟ್ಟನ್ನು ತಿಳಿಯಬೇಕೆಂಬ ಹಟ ಹುಟ್ಟಿತು. ಹುಡುಗನೇ ಗುರುವಾದ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಆ ವರ್ಷದ ಏಪ್ರಿಲ್ 23ರಂದು ಏರಿಸಿದ ಮೊದಲ ವಿಡಿಯೊ ಹತ್ತೊಂಬತ್ತು ಸೆಕೆಂಡಿನದು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಒಬ್ಬ ಯುವಕ ಏನೋ ಹೇಳುತ್ತಾನೆ, ಅಷ್ಟೆ. ಮರುವರ್ಷವೇ ಗೂಗಲ್ ಕಂಪನಿ ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಹಳ್ಳಿಗಳಿಗೆ ಇದು ನಿಜವಾಗಿ ಮುಟ್ಟಿದ್ದು 2016ರಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ. ಜಾಹೀರಾತಿನ ಪಾಲು ದೊರೆಯಬೇಕಾದರೆ ಸಾವಿರ ಚಂದಾದಾರರಿರಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ ಜನರು ಒಟ್ಟು ನಾಲ್ಕು ಸಾವಿರ ತಾಸು ನೋಡಿರಬೇಕು. ದೊಡ್ಡ ವಿಡಿಯೊಗಳ ಜಾಹೀರಾತಿನಲ್ಲಿ ನೂರಕ್ಕೆ 55 ಪಾಲು ಮಾಡಿದವನಿಗೆ. ಆದರೆ ಹೆಚ್ಚಿನವರ ನಿಜವಾದ ಗಳಿಕೆ ಅದರಲ್ಲಿಲ್ಲ. ಹೆಸರಾದವನ ಮುಖ ನೋಡಿ ಅಂಗಡಿಕಾರ ತಾನೇ ಹುಡುಕಿಕೊಂಡು ಬರುತ್ತಾನೆ, ನಮ್ಮಲ್ಲಿಗೆ ಎಣ್ಣೆಯವನು ಬಂದಂತೆ. ಇಲ್ಲಿ ಕೀರ್ತಿಯೇ ಬಂಡವಾಳ.

ಆ ಬಂಡವಾಳವನ್ನು ಸ್ವಂತ ದುಡಿಮೆಯಿಂದ ಗಳಿಸಿದವರೂ ಇದ್ದಾರೆ. ಡಾಕ್ಟರ್ ಬ್ರೋ ಎಂದು ಮನೆಮಾತಾದ ಗಗನ್ ಶ್ರೀನಿವಾಸ್ ಅಫ್ಘಾನಿಸ್ತಾನದಂಥ ನಾಡುಗಳನ್ನೂ ಒಬ್ಬಂಟಿಯಾಗಿ ಸುತ್ತಿ, ಹಳ್ಳಿಯ ಮುದುಕಿಗೂ ತಿಳಿಯುವ ಕನ್ನಡದಲ್ಲಿ ತೋರಿಸಿದ. ಆ ಹೆಸರಿನ ಬಲದಿಂದ ಗೋ ಪ್ರವಾಸ ಎಂಬ ಪ್ರವಾಸ ಸಂಸ್ಥೆಯನ್ನೂ ಕಟ್ಟಿದ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕುಳಿತ ಕಾಸರಗೋಡಿನ ಸೋದರರಿಬ್ಬರು ಭಟ್ ಎನ್ ಭಟ್ ಎಂಬ ಹೆಸರಿನಿಂದ ಹಲಸು, ಬಾಳೆದಿಂಡುಗಳ ಅಡುಗೆಯನ್ನು ತೋರಿಸಿಯೇ ನಾಡಿಗೆಲ್ಲ ಪರಿಚಿತರಾದರು. ಇವರು ಯಾರ ಮಾತನ್ನೂ ಕತ್ತರಿಸಲಿಲ್ಲ.

ನಮ್ಮ ಮನೆಯಲ್ಲೇ ಒಂದು ನಿದರ್ಶನವುಂಟು. ನಮ್ಮ ತಂಗಿಯ ಸೊಸೆ ಗಂಡನನ್ನು ಕಳೆದುಕೊಂಡ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಅಮರೇಶ್ವರ ಜಾತ್ರೆಯಲ್ಲಿಯೂ ಲಿಂಗಸುಗೂರಿನ ಅಂಗಡಿಗಳಲ್ಲಿಯೂ ಮಾರುತ್ತಿದ್ದಳು. ಅದೇ ಹುಡುಗ ಅವಳು ರೊಟ್ಟಿ ಬಡಿಯುವುದನ್ನು ಹಿಡಿದು ಹಾಕಿದ. ಮುಖ ತೋರಿಸಲು ಅವಳು ಒಪ್ಪಲಿಲ್ಲ. ವಿಡಿಯೊದಲ್ಲಿರುವುದು ಅವಳ ಎರಡು ಕೈ, ಕೊಣಮಿಗೆ, ಹಂಚು, ಆ ಬಡಿತದ ಸಪ್ಪಳ. ಬೆಂಗಳೂರು, ಪುಣೆಗಳಲ್ಲಿರುವ ನಮ್ಮ ಭಾಗದ ಮಂದಿಗೆ ಆ ಸಪ್ಪಳ ಕೇಳಿಯೇ ತವರು ನೆನಪಾಗಿರಬೇಕು. ದಸರೆಯ ಹೊತ್ತಿಗೆ ಒಂದು ಸಾವಿರದ ನಾನೂರು ರೊಟ್ಟಿಗೆ ಮುಂಗಡ ಬಂದಿತು. ಮೊದಲ ಪಾರ್ಸಲ್ಲುಗಳಲ್ಲಿ ರೊಟ್ಟಿ ಪುಡಿಯಾಗಿ ಹೋದವು. ಅವಳು ಅತ್ತು, ಹಣ ಹಿಂದಿರುಗಿಸಿದಳು. ಆಮೇಲೆ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಕಳಿಸುವ ಉಪಾಯ ಕಂಡುಕೊಂಡಳು. ಈಗ ಓಣಿಯ ಮೂವರು ಹೆಣ್ಣುಮಕ್ಕಳು ಅವಳೊಡನೆ ದುಡಿಯುತ್ತಾರೆ. "ಮಾವಾರ, ನಿಮ್ಮ ಮಾತು ಕತ್ತರಿಸಿದ್ರ ಕೆಡತೈತಿ, ನನ್ನ ರೊಟ್ಟಿ ಕತ್ತರಿಸಿ ತೋರಿಸಿದ್ರೂ ರೊಟ್ಟೀನ" ಎಂದು ಅವಳು ನಕ್ಕಾಗ ಇಷ್ಟೊಂದು ಶಾಸ್ತ್ರ ಓದಿದ ನಮಗೆ ಇದು ಹೊಳೆದಿರಲಿಲ್ಲವಲ್ಲ ಎನಿಸಿತು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ಇಲ್ಲಿ ನೆನೆಯದೆ ಇರಲಾರೆವು. ಜೇಬಿಲ್ಲದ ಅಂಗಿ ತೊಟ್ಟವರು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು. ತಮಗೆ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟು 2023ರ ಜನವರಿ 2ರಂದು ಲಿಂಗೈಕ್ಯರಾದವರು. ಅವರ ಪ್ರವಚನಗಳನ್ನು ಇಂದು ಲಕ್ಷಾಂತರ ಜನ ಮೊಬೈಲಿನಲ್ಲಿ ಕೇಳುತ್ತಾರೆ. ನಾವೂ ಬೆಳಗಿನ ಜಾವ ಕೇಳುತ್ತೇವೆ. ಅಪರಿಗ್ರಹವನ್ನು ಕುರಿತು ಅವರು ಮೆಲ್ಲಗೆ ಹೇಳುತ್ತಿರುವಾಗ ನಡುವೆ ಸಾಲ ಕೊಡುವವರ ಜಾಹೀರಾತು ನುಗ್ಗುತ್ತದೆ. ಆ ಹಣದ ಪಾಲು ಯಾವ ಯಾವ ಚಾನೆಲ್ಲಿನವರಿಗೆ ಸೇರುವುದೋ! ಆದರೂ ಆ ವಿಡಿಯೊಗಳಿಲ್ಲದಿದ್ದರೆ ನಮ್ಮ ಹಟ್ಟಿಯ ಗಣಿ ಕಾರ್ಮಿಕನಿಗೆ ಆ ವಾಣಿ ರಾತ್ರಿ ಪಾಳಿಯ ಬಿಡುವಿನಲ್ಲಿ ಸಿಗುತ್ತಿರಲಿಲ್ಲವೆಂಬುದೂ ಅಷ್ಟೇ ದಿಟ.

ನಮ್ಮೂರಿಗೆ ದೂರವಲ್ಲದ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಸುಮ್ಮನೆ ಕುಳಿತಿತ್ತು. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಅದು ಬಿದ್ದಾಗ, ಶಾಸನಗಳ ದೇವಾನಾಂಪ್ರಿಯನೇ ಅಶೋಕನೆಂದು ಜಗತ್ತಿಗೆ ಖಚಿತವಾಯಿತು. ಈ ಕಥೆಯನ್ನು ಹೇಳಿದಾಗ ಹುಡುಗ, "ಅಷ್ಟು ದಿನ ಒಂದೂ ವ್ಯೂ ಇಲ್ಲೇನ್ರೀ!" ಎಂದು ಬೆರಗಾದ.

ಈ ಸಲದ ಶ್ರಾವಣದಲ್ಲಿಯೂ ಪುರಾಣ ನಮ್ಮದೇ. ಮೊದಲ ಸಂಜೆ ಮಾತಿಗೆ ಕುಳಿತಾಗ, ಪೂರ್ವಪಕ್ಷವನ್ನು ಬಿಟ್ಟು ನೇರವಾಗಿ ಸಿದ್ಧಾಂತದಿಂದಲೇ ಆರಂಭಿಸಿದ್ದು ನಮಗೇ ಅರಿವಾಯಿತು. ಆಕ್ಷೇಪವನ್ನು ಕೊನೆಗೆ, ತಗ್ಗಿದ ದನಿಯಲ್ಲಿ, ಕೈಯೆತ್ತದೆ, ಯಾರೂ ನಗದಂತೆ ಹೇಳಿ ಮುಗಿಸಿದೆವು. ಗುರುಗಳು ಇದ್ದಿದ್ದರೆ ಬೆತ್ತ ತೆಗೆದುಕೊಳ್ಳುತ್ತಿದ್ದರು. ಮರುದಿನ ಸಂಜೆ ಹಳೆಯ ಕ್ರಮದಲ್ಲಿಯೇ ಹೇಳುವುದೆಂದು ನಿಶ್ಚಯಿಸಿ ಗದ್ದುಗೆಯ ಮುಂದೆ ಕುಳಿತೆವು. ಕಂಬದ ಬಳಿ ಹುಡುಗ ಮೊಬೈಲನ್ನು ಹೊಂದಿಸಿ ನಿಂತಿದ್ದ.

"ಅಜ್ಜಾರ, ಚಾಲೂ ಮಾಡ್ಲೇನ್ರೀ?" ಎಂದ.

"ಮಾಡಪಾ, ಆದರ ಕತ್ತರಿ ಮನ್ಯಾಗ ಇಟ್ಟು ಬಾ" ಎಂದೆವು.