ಡೆಸ್ಕ್‌ಟಾಪ್ ಮೇಲಿತ್ತಲ್ಲ, ಅದು

ಅಪ್ಪನ ಕಂಪ್ಯೂಟರು ರಿಪೇರಿಯಾಗಿ ಮನೆಗೆ ಬಂದ ದಿನ ಅದರೊಳಗೆ 2009ರ ಜನವರಿ ಒಂದನೇ ತಾರೀಖು ನಡೆಯುತ್ತಿತ್ತು. ಹೊರಗೆ ಪುನರ್ವಸು ಮಳೆ. ಪೇಟೆಯಿಂದ ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಅಪ್ಪ, ಒರೆಸಿ, ವೈರು ಸಿಕ್ಕಿಸಿ, ಆನ್ ಮಾಡಿ, ತಾರೀಖು ನೋಡಿ ನಕ್ಕ. "ನೋಡೇ, ನಂಗೆ ರಿಟೈರ್ ಆಗೋಕೆ ಇನ್ನೂ ಐದು ವರ್ಷ ಇದೆ!"

ನಾನು ಹಾಸ್ಟೆಲಿನಿಂದ ಎರಡು ವಾರದ ರಜೆ ಹಾಕಿ ಬಂದಿದ್ದೆ. ಮೂರನೇ ಅಧ್ಯಾಯ ಮಾರ್ಗದರ್ಶಕರ ಮೇಜಿನ ಮೇಲಿತ್ತು, ನಾಲ್ಕನೆಯದು ತಲೆಯೊಳಗಿತ್ತು. ಮನೆಯಲ್ಲಿ ಕೂತು ಬರೆಯುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಆ ಎರಡು ವಾರದಲ್ಲಿ ಬರೆದದ್ದು ಒಂದು ಸಾಲೂ ಇಲ್ಲ.

ಕಂಪ್ಯೂಟರು 2011ರದ್ದು, ಅಸೆಂಬಲ್ ಮಾಡಿಸಿದ್ದು. ಜೂನ್ ತಿಂಗಳಲ್ಲಿ ನಾಲ್ಕು ದಿನ ಕರೆಂಟು ಬಂದು ಹೋಗಿ ಮಾಡಿದ ಮೇಲೆ ಅದು ವಿಂಡೋಸ್ ತನಕ ಬರುವುದನ್ನೇ ನಿಲ್ಲಿಸಿತ್ತು. ಆನ್ ಮಾಡಿದರೆ "ರಿಪೇರಿ ಮಾಡಿಕೊಳ್ಳುತ್ತಿದ್ದೇನೆ" ಎನ್ನುವುದು, ಅರ್ಧ ಗಂಟೆ ಕಾಯಿಸಿ ಆಗಲಿಲ್ಲ ಎನ್ನುವುದು, ಮತ್ತೆ ಮೊದಲಿಂದ. ಪೇಟೆಯ ಅಂಗಡಿಯ ಹುಡುಗ ಅಪ್ಪನ ಹಳೆಯ ವಿದ್ಯಾರ್ಥಿ. ಅಲ್ಲಿ ನಡೆದ ಮಾತನ್ನು ಅಪ್ಪ ನನಗೆ ಆಮೇಲೆ ಹತ್ತು ಸಲವಾದರೂ ಹೇಳಿದ್ದಾನೆ.

"ಮೇಷ್ಟ್ರೇ, ಓಎಸ್ ಹೋಗಿದೆ. ಫಾರ್ಮ್ಯಾಟ್ ಹೊಡೆದು ಹೊಸದು ಹಾಕ್ಬೇಕು. ಸಿ ಡ್ರೈವಲ್ಲಿ ಏನಾದ್ರೂ ಇಟ್ಟಿದೀರಾ?"

"ಸಿ ಡ್ರೈವಿನ ತಂಟೆಗೇ ನಾನು ಹೋಗಲ್ಲಪ್ಪ. ನಂದೆಲ್ಲ ಡೆಸ್ಕ್‌ಟಾಪ್ ಮೇಲೇ ಇದೆ."

"ಹಂಗಾದ್ರೆ ತೊಂದ್ರೆ ಇಲ್ಲ ಬಿಡಿ."

ಡೆಸ್ಕ್‌ಟಾಪು ಸಿ ಡ್ರೈವಿನೊಳಗೇ ಇರುತ್ತದೆ ಎನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ಹುಡುಗನಿಗೆ ಗೊತ್ತಿರಬೇಕಿತ್ತು. ಅಂಗಡಿಯಲ್ಲಿ ಜನವಿತ್ತಂತೆ. ಪರದೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟದ್ದು ಎಲ್ಲಕ್ಕಿಂತ ಭದ್ರ ಎಂದು ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ವಿಭಾಗದ ಪ್ರಾಧ್ಯಾಪಕರೂ ನಂಬಿದ್ದಾರೆ.

ನಾನು ಶುರು ಮಾಡಿದ್ದು ಸುಲಭದ ಕಡೆಯಿಂದ. ತಾರೀಖು ತಪ್ಪಿದ್ದರೆ ಇಂಟರ್ನೆಟ್ಟೂ ಸರಿಯಾಗಿ ತೆರೆಯುವುದಿಲ್ಲ. ವೆಬ್‌ಸೈಟುಗಳು ಕೊಡುವ ಗುರುತಿನ ಪತ್ರಕ್ಕೆ ಇಂತಿಷ್ಟು ದಿನದ ಅವಧಿ ಇರುತ್ತದೆ, 2009ರಲ್ಲಿ ನಿಂತು ನೋಡಿದರೆ ಅವು ಯಾವುವೂ ಇನ್ನೂ ಹುಟ್ಟಿಲ್ಲ. ಕಾರಣ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಮ್ಮನ ತೂಕದ ಯಂತ್ರದಲ್ಲೂ ಅದೇ ಇತ್ತು, ತೆಗೆದು ಹಾಕಿದೆ. (ಅಮ್ಮ ಆ ವಾರ ಖುಷಿಯಾಗಿದ್ದಳು.) ಗ್ರಾಫಿಕ್ಸ್ ಡ್ರೈವರ್ ಇಲ್ಲದೆ ಪರದೆಯ ಮೇಲೆ ಎಲ್ಲರ ಮುಖವೂ ಅಡ್ಡಕ್ಕೆ ಊದಿಕೊಂಡಿತ್ತು. ಅಟ್ಟದ ಮೇಲೆ ನೆಟ್‌ವರ್ಕು ಸಿಗುವ ಒಂದೇ ಜಾಗದಲ್ಲಿ ಮೊಬೈಲು ನೇತುಹಾಕಿ ಅದನ್ನೂ ಇಳಿಸಿಕೊಂಡೆ. ಪ್ರಿಂಟರ್ ಮಾತ್ರ ವಿಂಡೋಸ್ 10ಕ್ಕೆ ಒಗ್ಗಲು ಮೂರು ದಿನ ತೆಗೆದುಕೊಂಡಿತು.

ಎರಡನೇ ದಿನ ಅಪ್ಪ ಡಿ ಡ್ರೈವಿನ ಫೈಲೊಂದನ್ನು ತೆರೆದು, "ಇದೇನೇ ಮಾರಾಯ್ತಿ, ಇಂಗ್ಲಿಷಲ್ಲಿ ಬೈತಾ ಇದೆ" ಎಂದ.

ಅದು ಇಂಗ್ಲಿಷ್ ಅಲ್ಲ, ನುಡಿ. ಅಪ್ಪ ಟೈಪಿಂಗ್ ಕಲಿತದ್ದು ನುಡಿ 4.0ದಲ್ಲಿ, ಸ್ಕ್ರಾಲ್ ಲಾಕ್ ಒತ್ತಿ. ಈ ಹಳೆಯ ಫಾಂಟುಗಳ ಉಪಾಯ ವಿಚಿತ್ರ. ಕಂಪ್ಯೂಟರಿನ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಒಂದೊಂದರ ಮೇಲೂ ಕನ್ನಡದ ಒಂದೊಂದು ತುಂಡಿನ ಮುಖವಾಡ. ಫಾಂಟು ಇಲ್ಲದಿದ್ದರೆ ಮುಖವಾಡ ಬಿದ್ದುಹೋಗುತ್ತದೆ. ಆಗ 'ಕನ್ನಡ' ಎಂಬ ಪದವೇ ಒಂದು ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರದ್ದೊಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ ಆಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳು ಸಿಕ್ಕಿ ಮೂವತ್ತು ವರ್ಷ ದಾಟಿದೆ. ಆದರೂ ನಮ್ಮ ಪಂಚಾಯ್ತಿ ಕಚೇರಿಯಿಂದ ಹಿಡಿದು ಮದುವೆ ಕಾಗದದ ಅಂಗಡಿಯವರೆಗೆ ಬರೆದಿಟ್ಟಿರುವ ಎಷ್ಟೋ ಫೈಲುಗಳು ಇನ್ನೂ ಮುಖವಾಡದಲ್ಲೇ ಇವೆ.

ನುಡಿ ಮತ್ತೆ ಹಾಕಿದೆ. ಬೈಗುಳವೆಲ್ಲ ಒಮ್ಮೆಲೇ ಕನ್ನಡವಾಯಿತು. ನಾನು ಬೀಗುತ್ತ ಕುರ್ಚಿ ಬಿಟ್ಟು ಎದ್ದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಇದಲ್ಲ. ಇದು 2016ರದ್ದು. ಡೆಸ್ಕ್‌ಟಾಪ್ ಮೇಲಿತ್ತಲ್ಲ, ಅದು" ಎಂದ.

ಅದು ಎಂದರೆ ಅಪ್ಪನ ಪದಪಟ್ಟಿ. ಮಲೆನಾಡಿನ ತೋಟ, ಗದ್ದೆ, ಬೇಲಿ, ಮಳೆಗೆ ಸಂಬಂಧಿಸಿದ ಮಾತುಗಳು. ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ತಡಮೆಗೂ ಉಣಗೋಲಿಗೂ ಇರುವ ವ್ಯತ್ಯಾಸ: ಮೊದಲನೆಯದು ಮನುಷ್ಯ ಹತ್ತಿ ದಾಟುವಂಥದ್ದು, ದನ ದಾಟಲಾರದ್ದು; ಎರಡನೆಯದು ಎರಡು ಕಂಬದ ತೂತುಗಳಲ್ಲಿ ಬಿದಿರ ಗಳ ಸರಿಸಿ ತೆರೆಯುವಂಥದ್ದು. ದಣಪೆ ಇವೆರಡರಲ್ಲಿ ಯಾವುದು ಎಂಬ ಬಗ್ಗೆ ಪಕ್ಕದ ಮನೆಯವರ ಜೊತೆ ಅಪ್ಪನಿಗೆ ಹಲವು ವರ್ಷಗಳ ವ್ಯಾಜ್ಯ. ಅಡಿಕೆ ಬೇಯಿಸಿದ ನೀರಿಗೆ ಚೊಗರು. ಕೊಳೆರೋಗ ಬಾರದಂತೆ ಕೊನೆಗೆ ಕಟ್ಟುವುದು ಕೊಟ್ಟೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬಂದಮೇಲೆ ಕೊಟ್ಟೆಯ ಜೊತೆ ಅದರ ಸುತ್ತಲಿನ ಮಾತುಗಳೂ ಹೋದವು. ಒಂದು ಕೋಷ್ಟಕ, ನಾಲ್ಕು ಕಂಬ: ಪದ, ಅರ್ಥ, ಬಳಕೆ, ಯಾರಿಂದ ಕೇಳಿದ್ದು.

ಡಿ ಡ್ರೈವಿನ ಪ್ರತಿಯಲ್ಲಿ ಒಂಬೈನೂರು ಪದಗಳಿದ್ದವು. ಡೆಸ್ಕ್‌ಟಾಪಿನದರಲ್ಲಿ ಎಷ್ಟಿದ್ದವು ಎಂದು ಅಪ್ಪ ಲೆಕ್ಕ ಹಾಕುತ್ತಿದ್ದ. ನನಗೆ ಲೆಕ್ಕ ಬೇಕಿರಲಿಲ್ಲ. ಹಿಂದಿನ ದೀಪಾವಳಿಗೆ ಬಂದಾಗ ಅದರ ಕೊನೆಯ ಕ್ರಮಸಂಖ್ಯೆ 1,740 ಇತ್ತು ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ಅಪ್ಪನಿಗೆ ಹೇಳಿರಲಿಲ್ಲ.

"ಇನ್ಮೇಲೆ ಇದನ್ನ ಯಾರೂ ಮುಟ್ಟಬೇಡಿ" ಎಂದೆ. ಅದೊಂದು ಸರಿಯಾದ ಮಾತು. ಮಾಮೂಲಿ ಹಾರ್ಡ್ ಡಿಸ್ಕಿನಲ್ಲಿ ಅವಸರದ ಫಾರ್ಮ್ಯಾಟು ಪುಸ್ತಕವನ್ನು ಸುಡುವುದಿಲ್ಲ, ಪರಿವಿಡಿಯನ್ನು ಹರಿದುಹಾಕುತ್ತದೆ ಅಷ್ಟೆ. ಹಾಳೆಗಳು ಇದ್ದಲ್ಲೇ ಇರುತ್ತವೆ, ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೆ. ಹೊಸ ವಿಂಡೋಸು, ಅಂಗಡಿಯವನು ಧಾರಾಳವಾಗಿ ತುಂಬಿದ ಸಾಫ್ಟ್‌ವೇರು, ನಾನು ಎರಡು ದಿನ ಇಳಿಸಿಕೊಂಡ ಡ್ರೈವರುಗಳು ಎಲ್ಲವೂ ಆ ಹಾಳೆಗಳ ಮೇಲೇ ಬರೆದಿದ್ದವು. ಮೊದಲ ದಿನವೇ ಡೆಸ್ಕ್‌ಟಾಪ್ ಕೇಳಬೇಕಿತ್ತು.

ಪೆನ್‌ಡ್ರೈವಿನಿಂದ ಉಬುಂಟು ಹಚ್ಚಿ ಫೋಟೋರೆಕ್ ಓಡಿಸಿದೆ. ಅದು ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಹೆಕ್ಕಿ, ವರ್ಡ್ ಫೈಲಿನಂತೆ ಕಂಡದ್ದನ್ನೆಲ್ಲ ಹೊರಗೆ ಹಾಕುತ್ತದೆ. ಹೆಸರು ಕೇಳಬಾರದು, ಪ್ರತಿಯೊಂದಕ್ಕೂ ಎಫ್ ಎಂಬ ಅಕ್ಷರ, ಮುಂದೊಂದು ಉದ್ದ ಸಂಖ್ಯೆ. ರಾತ್ರಿ ಹತ್ತಕ್ಕೆ ಶುರುವಾದದ್ದು ಬೆಳಗಿನ ಕಾಫಿಗೂ ಮುಗಿದಿರಲಿಲ್ಲ. ಮಧ್ಯೆ ಎರಡು ಸಲ ಕರೆಂಟು ಹೋಗಿ ಎರಡು ಸಲ ಮೊದಲಿಂದ. ಕೊನೆಗೆ ನಾನೂರಕ್ಕೂ ಹೆಚ್ಚು ಹೆಸರಿಲ್ಲದ ಫೈಲು. ಶಾಲೆಯ ಸುತ್ತೋಲೆ, ಸೊಸೈಟಿಯ ಸಾಲದ ಅರ್ಜಿ, ನನ್ನ ಪಿಯುಸಿ ಭಾಷಣ. ಒಂದೊಂದನ್ನೇ ತೆರೆದು ನೋಡುವ ಬದಲು ಒಳಗಿನ ಅಕ್ಷರ ಹುಡುಕಿಸಿದೆ. ಮುಖವಾಡ ಕಳಚಿದ 'ಅಡಿಕೆ' ಹೇಗಿರುತ್ತದೆ ಎಂದು ಕಂಡುಕೊಂಡಿದ್ದೆ: ಸಿ, ಸಣ್ಣ ಆರ್, ಪಿ, ತಲೆಯ ಮೇಲೆ ಗೀಟಿರುವ ಇ. ಅದು ಹನ್ನೊಂದು ಫೈಲುಗಳಲ್ಲಿತ್ತು. ಒಂಬತ್ತನೆಯದು ಪಟ್ಟಿ.

1,312ನೇ ಪದದವರೆಗೆ ನಾಲ್ಕೂ ಕಂಬ ಸರಿಯಾಗಿದ್ದವು. ಅಲ್ಲಿಂದಾಚೆ ಚೌಕದ ಡಬ್ಬಿಗಳು, ಯಾವುದೋ ಇಂಗ್ಲಿಷ್ ಫೈಲಿನ ಬಾಲ.

ಅಪ್ಪ ಎದ್ದು ಹೋಗಿ ಜಗಲಿಯಲ್ಲಿ ಕೂತ. ಬಯ್ಯಲಿಲ್ಲ. ಅಂಗಡಿಯ ಹುಡುಗನಿಗೂ ಬಯ್ಯಲಿಲ್ಲ. "ಏಳು ವರ್ಷದ್ದು" ಎಂದಷ್ಟೇ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು.

ನನ್ನ ಬ್ಯಾಗಿನಲ್ಲಿ ಆ ಪದಗಳಿದ್ದವು. ಹಿಂದಿನ ದೀಪಾವಳಿಯಲ್ಲಿ ಅಪ್ಪ ಬಲೀಂದ್ರನಿಗೆ ಹೂ ತರಲು ಹೋಗಿದ್ದಾಗ, ಪಟ್ಟಿ ತೆರೆದು ಮೊದಲ ಎರಡು ಕಂಬಗಳನ್ನು ಮಾತ್ರ ನೋಟ್‌ಪ್ಯಾಡಿಗೆ ಎಳೆದುಕೊಂಡಿದ್ದೆ. ಯೂನಿಕೋಡಿಗೆ ಬದಲಿಸುವ ಸಾಫ್ಟ್‌ವೇರು ಕೋಷ್ಟಕವನ್ನು ಕಲಸಿಬಿಡುತ್ತಿತ್ತು, ಅದಕ್ಕೇ ಎರಡೇ ಕಂಬ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನನ್ನ ಮೂರನೇ ಅಧ್ಯಾಯದಲ್ಲಿ ಆ ಪಟ್ಟಿಯ 212 ಪದಗಳಿವೆ. ಕೆಳಗೆ 'ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ್ದು' ಎಂದಿದೆ. ಕ್ಷೇತ್ರಕಾರ್ಯಕ್ಕೆ ನಾನು ಹೋದದ್ದು ಹದಿನೇಳು ದಿನ. ಕೇಳಿದರೆ ಅಪ್ಪ ಕೊಡುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಕೇಳಿದ್ದರೆ ಪಟ್ಟಿ ಅಪ್ಪನದಾಗುತ್ತಿತ್ತು. ನನಗೆ ಅದು ನನ್ನದಾಗಬೇಕಿತ್ತು.

ಸುಳ್ಳು ಹೇಳುವ ದಾರಿಯೂ ಇತ್ತು. ಫೋಟೋರೆಕ್ಕಿನಲ್ಲೇ ಇನ್ನೊಂದು ಫೈಲು ಸಿಕ್ಕಿತು ಎಂದರೆ ಮುಗಿಯಿತು. ನಿಜ ಹೇಳಬೇಕೆಂದರೆ ನಾನು ಹೇಳಿದ್ದೂ ಅದನ್ನೇ. ರಾತ್ರಿ ಕೂತು ಪೆನ್‌ಡ್ರೈವಿನ ಪದಗಳನ್ನು ಪ್ರಿಂಟ್ ತೆಗೆದು, ಅಪ್ಪನ ತಲೆದಿಂಬಿನ ಪಕ್ಕ ಇಟ್ಟು, ಬೆಳಿಗ್ಗೆ "ಸಿಕ್ತು" ಎಂದೆ.

ಅಪ್ಪ ಹಾಳೆ ತಿರುವಿದ. ಮೂರನೇ ಹಾಳೆಯಲ್ಲಿ ಬೆರಳು ನಿಂತಿತು.

"ಬೋಡೋರ್ ಅಂದ್ರೇನೇ?"

ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ಮೊದಲು ಬರಬೇಕು. ಒಳ್ಳೆಯ ಸಾಫ್ಟ್‌ವೇರು ಅದನ್ನು ಹಿಂದಕ್ಕೆ ಎತ್ತಿಡುತ್ತದೆ. ನಾನು ಬಳಸಿದ್ದು ಎತ್ತಿಟ್ಟಿರಲಿಲ್ಲ. ಬೋರ್ಡೋ ಎಲ್ಲ ಬೋಡೋರ್, ಕಾರ್ತಿಕವೆಲ್ಲ ಕಾತಿರ್ಕ. ಅಧ್ಯಾಯಕ್ಕೆ ಬೇಕಾದವನ್ನು ಮಾತ್ರ ತಿದ್ದಿಕೊಂಡಿದ್ದೆ.

"ನನ್ನ ಟೈಪಿಂಗಲ್ಲಿ ಅರ್ಕಾವೊತ್ತು ತಪ್ಪಿದ್ದಿಲ್ಲ" ಎಂದ ಮೇಷ್ಟ್ರು. "ಇದು ನನ್ನ ಫೈಲಲ್ಲ."

ಹೇಳಿದೆ. ಎಲ್ಲವನ್ನೂ, ನಿಂತುಕೊಂಡೇ. ಅಪ್ಪ ಅಧ್ಯಾಯ ತೋರಿಸು ಎಂದ. ಲ್ಯಾಪ್‌ಟಾಪು ಕೊಟ್ಟೆ. ಮಧ್ಯಾಹ್ನದ ಊಟಕ್ಕೂ ಏಳದೆ ಓದಿದ. ನಡುವೆ ಒಮ್ಮೆ, "ತಡಮೆ ಬಗ್ಗೆ ಚೆನ್ನಾಗಿ ಬರೆದಿದೀಯ" ಎಂದ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಕೊನೆಗೆ ಲ್ಯಾಪ್‌ಟಾಪು ಮುಚ್ಚಿ ಕೇಳಿದ: "ನನ್ನ ಹೆಸರು ಹಾಕದಿದ್ರೆ ಹೋಗ್ಲಿ. ನಾಲ್ಕನೇ ಕಂಬ ಎಲ್ಲಿ?"

ನಾನು ಬಿಟ್ಟಿದ್ದೆ. ಆ ಕಂಬದಲ್ಲಿ ಕೊನೆಗಾರರು, ಸೊಪ್ಪು ತರುವವರು, ಅಡಿಕೆ ಸುಲಿಯಲು ಬರುತ್ತಿದ್ದವರು, ಹೊಳೆಯಾಚೆ ಮನೆಯ ಅಜ್ಜಿ. 1,313ರಿಂದ 1,740ರವರೆಗೆ, 428 ಪದಗಳನ್ನು ಯಾರು ಹೇಳಿದ್ದೆಂಬುದು ಈಗ ಯಾವ ಡಿಸ್ಕಿನಲ್ಲೂ ಇಲ್ಲ.

ಆ ಸಂಜೆ ಅಟ್ಟ ಹತ್ತಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ತುಸು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಧ್ಯಾಯ ವಾಪಸ್ ಕಳಿಸ್ತೀನಿ. ಮೊದಲಿಂದ ಬರಿ" ಎಂದರು.

ಉಳಿದ ದಿನಗಳಲ್ಲಿ ಮೂವರೂ ಕೂತು ನೆನಪು ಮಾಡಿಕೊಂಡೆವು. ಅಮ್ಮನಿಗೆ ಅಪ್ಪನಿಗಿಂತ ಹೆಚ್ಚು ನೆನಪಿತ್ತು, ಯಾವ ಪದ ಯಾವ ವರ್ಷದ ಕೊಯ್ಲಿನಲ್ಲಿ, ಯಾರು ಕಾಫಿ ಕುಡಿಯುತ್ತ ಹೇಳಿದ್ದೆಂದು. ನೆನಪಾಗದವನ್ನು ಕೇಳಲು ಮಳೆ ಬಿಟ್ಟಾಗ ಹೊರಡುತ್ತಿದ್ದೆವು. ಮರ ಹತ್ತುವುದು ಬಿಟ್ಟು ಹತ್ತು ವರ್ಷವಾಗಿರುವ ನಮ್ಮ ಹಳೆಯ ಕೊನೆಗಾರರ ಮನೆಗೆ ಹೋದಾಗ, ಅಪ್ಪ ಉಳಿದುಕೊಂಡ ಭಾಗದಿಂದಲೂ ಕೆಲವು ಪದ ಓದಿ ಹೇಳಿದ, ಅವರ ಹೆಸರಿನ ಮುಂದೆ ಇದ್ದವು.

"ಅದು ನಾ ಹೇಳಿದ್ದಲ್ಲ ಮೇಷ್ಟ್ರೇ" ಎಂದರು ಅವರು ಒಂದು ಪದಕ್ಕೆ. "ಇವಳು ಹೇಳಿದ್ದು. ನಾ ನಿಮಗೆ ದಾಟಿಸಿದ್ದು."

ಆಕೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಮೇಲಿನ ಹೆಸರು ಹೊಡೆದುಹಾಕಿ, ಆಕೆಯ ಹೆಸರು ಕೇಳಿದ. ಮೂವತ್ತು ವರ್ಷ ನಮ್ಮ ತೋಟದಿಂದ ಸೋಗೆ ಹೊತ್ತವರು. ಅಪ್ಪನಿಗೂ ಗೊತ್ತಿರಲಿಲ್ಲ.