ಟ್ಯಾಂಕು ಬದಲಿಸುವ ಮುನ್ನ ನಾಲ್ಕು ಊರು ಸುತ್ತಿ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ದಾರಿಯಲ್ಲಿ ಬಿಡದಿ ಸಿಗುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಈ ಊರು ಈಗ ಹೈಬ್ರಿಡ್ ಕಾರುಗಳ ತವರೂ ಹೌದು. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ಎಳೆಯುವ ವಾಹನ ಇದು. ಇಲ್ಲಿನ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ತಯಾರಾಗುತ್ತಿರುವ ಎರಡು ಮಾದರಿಗಳು ಹೈರೈಡರ್ ಮತ್ತು ಇನ್ನೊವಾ ಹೈಕ್ರಾಸ್. ಮೊದಲನೆಯದರ ಪೆಟ್ರೋಲ್ ಟ್ಯಾಂಕು 45 ಲೀಟರಿನದು, ಎರಡನೆಯದರದು 52.

ಲೆಕ್ಕ ಬಲ್ಲ ಯಾವ ಹುಡುಗನಿಗಾದರೂ ಇಲ್ಲಿ ಒಂದು ಪ್ರಶ್ನೆ ಏಳಬಹುದು. ಕಂಪನಿ ಒಂದೇ, ಕಾರ್ಖಾನೆ ಒಂದೇ. ಹಾಗಿದ್ದ ಮೇಲೆ ದೊಡ್ಡ ಕಾರಿನ ಟ್ಯಾಂಕನ್ನು ಚಿಕ್ಕ ಕಾರಿಗೆ ಕೂರಿಸಿಬಿಟ್ಟರೆ ಏಳು ಲೀಟರು ಹೆಚ್ಚು ಹಿಡಿಯುವುದಿಲ್ಲವೇ? ಟ್ಯಾಂಕು ಎಂದರೆ ಎಷ್ಟಾದರೂ ಒಂದು ಪಾತ್ರೆ ತಾನೇ?

ಇದಕ್ಕೆ ಉತ್ತರ ಬೇಕೆಂದರೆ ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋಗಬೇಕು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳು ಪಾತ್ರೆಯ ಶಾಸ್ತ್ರವನ್ನು ಶತಮಾನಗಳಿಂದ ಬಲ್ಲ ಊರುಗಳು. ರಜೆಯ ಒಂದು ದಿನ ಮಕ್ಕಳನ್ನು ಕರೆದುಕೊಂಡು ಈ ಸುತ್ತು ಹಾಕಿದರೆ ಭೌತಶಾಸ್ತ್ರದ ನಾಲ್ಕು ಪಾಠಗಳು ಪುಸ್ತಕವಿಲ್ಲದೆಯೇ ಮನಸ್ಸಿಗೆ ಹತ್ತುತ್ತವೆ.

ಶ್ರೀರಂಗಪಟ್ಟಣ: ಒತ್ತಡದ ಪಾಠ

ಕಾವೇರಿ ಸುತ್ತುವರಿದ ಈ ದ್ವೀಪದಲ್ಲಿ ಮೊದಲು ನೋಡಬೇಕಾದದ್ದು 1784ರ ದರಿಯಾ ದೌಲತ್. ಅದರ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಬ್ರಿಟಿಷರ ಮದ್ದಿನ ಬಂಡಿ ಸಿಡಿಯುತ್ತಿರುವ ದೃಶ್ಯವನ್ನು ಮಕ್ಕಳು ತಾವೇ ಹುಡುಕಿ ತೋರಿಸುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ರಾಕೆಟ್ಟುಗಳ ಹೆಚ್ಚುಗಾರಿಕೆ ಇದ್ದದ್ದು ಒಳಗಿನ ಮದ್ದಿನಲ್ಲಲ್ಲ, ಹೊರಗಿನ ಕೊಳವೆಯಲ್ಲಿ. ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆ ಬಂದಾಗ ಅದು ಹೆಚ್ಚು ಒತ್ತಡ ತಾಳಿತು. ರಾಕೆಟ್ಟು ಹೆಚ್ಚು ದೂರ ಹಾರಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸುವುದಕ್ಕೂ ಈ ಮೈಸೂರು ರಾಕೆಟ್ಟುಗಳೇ ಪ್ರೇರಣೆಯಾದವು.

ಕಾರಿನ ಟ್ಯಾಂಕಿನಲ್ಲೂ ಒತ್ತಡವಿದೆ. ಪೆಟ್ರೋಲು ಬಿಸಿಲಿಗೆ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಗಾಳಿಗೆ ಸೇರದಂತೆ ಟ್ಯಾಂಕಿನಿಂದ ಒಂದು ನಳಿಗೆ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನು ಹೀರಿ ಉರಿಸುತ್ತದೆ. ಆದರೆ ಹೈಬ್ರಿಡ್ ಕಾರಿನ ಎಂಜಿನ್ ಊರೊಳಗೆ ಪದೇ ಪದೇ ನಿಂತುಬಿಡುವುದರಿಂದ ಹೀರುವ ಅವಕಾಶ ಕಡಿಮೆ. ಗೋಡೆಗೆ ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಲ್ಲಂತೂ ಎಂಜಿನ್ ದಿನಗಟ್ಟಲೆ ಏಳದೆಯೂ ಇರಬಹುದು. ಅಂಥ ಹಲವು ಕಾರುಗಳ ಟ್ಯಾಂಕು ಒತ್ತಡ ತಾಳುವ ಮುಚ್ಚಿದ ಪಾತ್ರೆ. ಗುಂಡಿ ಒತ್ತಿ ಒತ್ತಡ ಇಳಿಯುವವರೆಗೆ ಕಾದರಷ್ಟೇ ಮುಚ್ಚಳ ತೆರೆಯುತ್ತದೆ. ಅದರ ಜಾಗಕ್ಕೆ ಸಾಧಾರಣ ಕಾರಿನ ಟ್ಯಾಂಕು ಹಾಕುವುದೆಂದರೆ ಕಬ್ಬಿಣದ ಕೊಳವೆ ತೆಗೆದು ಕಾಗದದ್ದನ್ನು ಕಟ್ಟಿದಂತೆಯೇ.

ಊರಿನ ರೈಲು ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ಜೋಡಿ ಹಳಿಗೆ ಅಡ್ಡವಾಗಿದ್ದ ಇದನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಲಾಯಿತು. ಪಾತ್ರೆಯನ್ನು ಸ್ಥಳಾಂತರಿಸುವುದು ಸಾಧ್ಯ, ಆದರೆ ಅದಕ್ಕೆ ಎಷ್ಟು ಸಿದ್ಧತೆ ಬೇಕು ಎಂಬುದಕ್ಕೆ ಈ ಕಟ್ಟಡವೇ ಸಾಕ್ಷಿ.

ಕನ್ನಂಬಾಡಿ: ಅಳತೆಯ ಪಾಠ

ಪಾಂಡವಪುರದ ಕಡೆ ತಿರುಗುವ ಮುನ್ನ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಇರುವ ಕೃಷ್ಣರಾಜ ಸಾಗರವನ್ನು ನೋಡದೆ ಹೋಗುವುದುಂಟೇ? ಈ ಭಾಗದಲ್ಲಿ ಮಳೆಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟು ಅಡಿ ಆಯ್ತು?’ ತುಂಬಿದ ಮಟ್ಟ 124.80 ಅಡಿ. ಆಗ ಸಂಗ್ರಹ 49.45 ಟಿಎಂಸಿ. ಮಟ್ಟ ನೂರು ಅಡಿಗೆ ಇಳಿದರೆ ಎತ್ತರದಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿದಂತೆ ಕಾಣುತ್ತದೆ. ನೀರು ಮಾತ್ರ ಅರ್ಧಕ್ಕಿಂತಲೂ ಕಡಿಮೆ! ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿರುವ ಕಣಿವೆಯ ಆಕಾರವೇ ಇದಕ್ಕೆ ಕಾರಣ.

ಕಾರಿನ ಟ್ಯಾಂಕೂ ಹೀಗೆಯೇ. ಆಕ್ಸಲ್ಲು, ಹೊಗೆ ಕೊಳವೆ, ಬ್ಯಾಟರಿಗಳ ನಡುವೆ ಸಿಕ್ಕ ಜಾಗಕ್ಕೆ ಹೊಂದುವಂತೆ ಅದು ಎಲ್ಲೋ ಉಬ್ಬಿ, ಎಲ್ಲೋ ತಗ್ಗಿ ಇರುತ್ತದೆ. ಒಳಗೆ ತೇಲುವ ಬೆಂಡು ಎತ್ತರವನ್ನಷ್ಟೇ ಅಳೆಯುತ್ತದೆ. ಎತ್ತರವನ್ನು ಲೀಟರಿಗೆ ಪರಿವರ್ತಿಸುವ ಲೆಕ್ಕ ಆ ಟ್ಯಾಂಕಿನ ಆಕಾರಕ್ಕಷ್ಟೇ ಸರಿ. ಬೇರೆ ಮಾದರಿಯ ಟ್ಯಾಂಕು ಹಾಕಿದರೆ ಮುಳ್ಳು ಕಾಲು ಭಾಗ ತೋರಿಸುತ್ತಿರುವಾಗಲೇ ಕಾರು ನಡುದಾರಿಯಲ್ಲಿ ನಿಲ್ಲಬಹುದು.

ತಯಾರಕರಿಗೂ ಈ ಲೆಕ್ಕ ತಪ್ಪುವುದುಂಟು. ಅಮೆರಿಕದಲ್ಲಿ 2019 ಮತ್ತು 2020ರ ಮಾದರಿಯ ರಾವ್4 ಹೈಬ್ರಿಡ್ ಕಾರುಗಳ ಟ್ಯಾಂಕು ಪೂರ್ತಿ ತುಂಬುತ್ತಿಲ್ಲವೆಂದು ಮಾಲೀಕರು ದೂರಿದರು. ಟ್ಯಾಂಕಿನ ಆಕಾರದಲ್ಲಿನ ವ್ಯತ್ಯಾಸ ಕಾರಣವಿರಬಹುದೆಂದು ಕಂಪನಿ ತಿಳಿಸಿತು. ಕೊನೆಗೆ ಟ್ಯಾಂಕಿನ ಜೊತೆಗೆ ಮಟ್ಟ ಅಳೆಯುವ ಸಾಧನವನ್ನೂ ಬದಲಿಸಿಕೊಡಬೇಕಾಯಿತು. ತಯಾರಿಸಿದವರೇ ಟ್ಯಾಂಕನ್ನು ಒಂಟಿಯಾಗಿ ಬದಲಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಪಾಂಡವಪುರ: ತೂಬು ಮತ್ತು ಕೋಡಿ

ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಒಂದು ಕಾಲಕ್ಕೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಊರು ಪಾಂಡವಪುರ. ಕುಂತಿಬೆಟ್ಟದ ಬಂಡೆಗಳನ್ನು ನೋಡಿಕೊಂಡು ಮುಂದೆ ಸಾಗಿದರೆ ತೊಣ್ಣೂರು ಕೆರೆ. ರಾಮಾನುಜಾಚಾರ್ಯರು ಕಟ್ಟಿಸಿದ್ದೆಂಬ ಪ್ರತೀತಿಯಿರುವ ಈ ಕೆರೆ ಗುಡ್ಡಗಳ ನಡುವೆ ತಿಳಿನೀರು ತುಂಬಿಕೊಂಡು ನಿಂತಿದೆ.

ಕೆರೆ ಎಂದರೆ ಬರೀ ಏರಿಯಲ್ಲ. ನೀರು ಬಿಡಲು ತೂಬು ಬೇಕು, ಹೆಚ್ಚಾದದ್ದು ಹರಿದುಹೋಗಲು ಕೋಡಿ ಬೇಕು. ಒಂದು ಕೆರೆಯ ಕೋಡಿಯನ್ನು ಅಳತೆ ನೋಡದೆ ಇನ್ನೊಂದು ಕೆರೆಗೆ ಕಟ್ಟಿದರೆ ಏರಿಯೇ ಒಡೆಯುತ್ತದೆ. ಕಾರಿನ ಟ್ಯಾಂಕಿನ ತೂಬು ಎಂದರೆ ಅದರೊಳಗೆ ಮುಳುಗಿ ಕುಳಿತ ವಿದ್ಯುತ್ ಪಂಪು. ಎಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಪೆಟ್ರೋಲು ಬೇಕೋ ಅಷ್ಟನ್ನೇ ಅದು ಕಳಿಸಬೇಕು. ಕೋಡಿ ಎಂದರೆ ಆವಿಯ ನಳಿಗೆ ಮತ್ತು ಮೇಲೆ ಬಿಟ್ಟ ಖಾಲಿ ಜಾಗ. ಆ ಜಾಗ ಏಕೆ ಬೇಕೆಂದು ಮಕ್ಕಳೇ ಲೆಕ್ಕ ಹಾಕಬಹುದು. ಉಷ್ಣತೆ ಒಂದು ಡಿಗ್ರಿ ಏರಿದರೆ ಒಂದು ಸಾವಿರ ಲೀಟರು ಪೆಟ್ರೋಲು ಸುಮಾರು ಒಂದು ಲೀಟರಿನಷ್ಟು ಹಿಗ್ಗುತ್ತದೆ. ನೆಲದಡಿಯ ತಣ್ಣನೆಯ ಪೆಟ್ರೋಲನ್ನು 45 ಲೀಟರು ತುಂಬಿಸಿ, ಅದು ಬಿಸಿಲಿನಲ್ಲಿ 20 ಡಿಗ್ರಿ ಕಾದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಉಬ್ಬುತ್ತದೆ. ಬಂಕಿನಲ್ಲಿ ಬಾಯಿಮಟ್ಟ ತುಂಬಿಸಬಾರದೆನ್ನುವುದು ಇದಕ್ಕೇ.

ಕೆ.ಆರ್. ಪೇಟೆ: ಇಂಧನದ ಪಾಠ

ಹಿಂದೆ ಅತ್ತಿಕುಪ್ಪೆ ಎಂಬ ಹೆಸರಿದ್ದ ಕೃಷ್ಣರಾಜಪೇಟೆಯ ಕಡೆ ಹೊರಟರೆ ದಾರಿಯುದ್ದಕ್ಕೂ ಕಬ್ಬು, ಅಲ್ಲಲ್ಲಿ ಆಲೆಮನೆಯ ಹೊಗೆ. ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿಯಿದೆ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿಯೂ ಇದೇ ತಾಲ್ಲೂಕಿನದು.

ಇಲ್ಲಿನ ಕಬ್ಬಿಗೂ ಕಾರಿನ ಟ್ಯಾಂಕಿಗೂ ಈಗ ನೇರ ನಂಟು ಬೆಳೆದಿದೆ. ಕಬ್ಬಿನ ರಸ ಮತ್ತು ಕಾಕಂಬಿಯನ್ನು ಹುಳಿಸಿ, ಬಟ್ಟಿ ಇಳಿಸಿದರೆ ಸಿಗುವುದು ಎಥನಾಲ್. ಭಾರತದಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಒಂದು ಲೀಟರು ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾಗಿ ಶೇ 20ರ ಮಿಶ್ರಣದಲ್ಲಿ ಲೀಟರಿಗೆ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಒಗ್ಗದ ರಬ್ಬರು ಉಬ್ಬುತ್ತದೆ, ಕೆಲವು ಲೋಹಗಳು ಸವೆಯುತ್ತವೆ.

ಬಿಡದಿಯ ಕಂಪನಿ 2023ರ ಆಗಸ್ಟ್‌ನಲ್ಲಿ ಹೆಚ್ಚು ಎಥನಾಲ್ ಕುಡಿಯಬಲ್ಲ ಹೈಕ್ರಾಸ್ ಹೈಬ್ರಿಡ್‌ನ ಪ್ರಾಯೋಗಿಕ ಮಾದರಿಯನ್ನು ದೆಹಲಿಯಲ್ಲಿ ತೋರಿಸಿತು. ಮಂಡ್ಯದಂಥ ಕಬ್ಬಿನ ಸೀಮೆಗೆ ಇದು ಕುತೂಹಲದ ಸುದ್ದಿಯೇ. ಆದರೆ ಇಂಥ ಕಾರಿಗೆ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಇಂಧನ ಮುಟ್ಟುವ ಭಾಗವೆಲ್ಲ ಎಥನಾಲ್‌ಗೆ ಒಗ್ಗುವಂತಿರಬೇಕು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಮಾದರಿಯ ಟ್ಯಾಂಕು ಇದಕ್ಕೆ ಒಗ್ಗೀತೆಂದು ಹೇಳುವವರು ಯಾರು?

ನಾಗಮಂಗಲ: ಕಲಾಯಿಯ ಪಾಠ

ಕೊನೆಯ ಊರು ನಾಗಮಂಗಲ. ಸೌಮ್ಯಕೇಶವ ದೇವಾಲಯಕ್ಕಷ್ಟೇ ಅಲ್ಲ, ಹಿತ್ತಾಳೆ ಮತ್ತು ಕಂಚಿನ ಕೆಲಸಕ್ಕೂ ಹಿಂದಿನಿಂದ ಹೆಸರಾದ ಊರು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಕಿಲುಬು ಹಿಡಿಯುತ್ತದೆ ಎಂಬುದನ್ನು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೇ ಪಾತ್ರೆಯ ಒಳಗೆ ತವರದ ಕಲಾಯಿ. ಎಥನಾಲ್ ಬೆರೆತ ಪೆಟ್ರೋಲಿಗೂ ಟ್ಯಾಂಕಿಗೂ ಇರುವ ಸಂಬಂಧ ಇದೇ. ಪಾತ್ರೆಯ ಗುಣ ಒಳಗಿರುವ ವಸ್ತುವಿಗೆ ತಕ್ಕಂತಿರಬೇಕು.

ಅಪಾಯದ ಮಾತನ್ನೂ ಹೇಳಿಬಿಡಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ‘ಖಾಲಿ’ ಮಾಡಿದ ಟ್ಯಾಂಕಿನೊಳಗೆ ಇಂಥ ಮಿಶ್ರಣ ಉಂಟಾಗುವ ಸಂಭವ ಹೆಚ್ಚು. ಹೊಸ ಟ್ಯಾಂಕು ಕೂರಿಸಲು ಪಟ್ಟಿ ಬೆಸೆಯುವ ಹುಡುಗನ ಪ್ರಾಣ ಹೋಗುವುದು ಇಲ್ಲಿಯೇ. ಹೈಬ್ರಿಡ್‌ನಲ್ಲಿ ಇದರ ಜೊತೆಗೆ ನೂರು ವೋಲ್ಟಿಗೂ ಮೀರಿದ ಬ್ಯಾಟರಿ, ಕಿತ್ತಳೆ ಬಣ್ಣದ ತಂತಿಗಳು. ಕಾನೂನೂ ಸುಮ್ಮನಿಲ್ಲ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ.

ಇನ್ನು ಆ ಏಳು ಲೀಟರಿನ ಆಸೆ. ಪರೀಕ್ಷೆಯ ಲೆಕ್ಕದಲ್ಲಿ ಹೈರೈಡರ್ ಲೀಟರಿಗೆ 27.97 ಕಿ.ಮೀ., ಹೈಕ್ರಾಸ್ 23.24 ಕಿ.ಮೀ. ಓಡುತ್ತದೆ. ಗುಣಿಸಿ ನೋಡಿದರೆ 45 ಲೀಟರಿನ ಕಾರು 1,258 ಕಿ.ಮೀ., 52 ಲೀಟರಿನದು 1,208 ಕಿ.ಮೀ. ಚಿಕ್ಕ ಟ್ಯಾಂಕಿನ ಕಾರೇ ಹೆಚ್ಚು ದೂರ! ರಸ್ತೆಯಲ್ಲಿ ಎರಡೂ ಇಷ್ಟು ಕೊಡುವುದಿಲ್ಲ, ಅದು ಬೇರೆ ಮಾತು. ಈ ನಾಲ್ಕು ಊರುಗಳ ಸುತ್ತು 150 ಕಿ.ಮೀ. ಎಂದುಕೊಂಡು, ಲೀಟರಿಗೆ 20ರಂತೆ ಹಿಡಿದರೂ ಬೇಕಾಗುವುದು ಏಳೂವರೆ ಲೀಟರು ಮಾತ್ರ.

ಟ್ಯಾಂಕು ತೂತಾದರೆ, ಜಜ್ಜಿದರೆ ಅದೇ ಮಾದರಿಯದನ್ನೇ, ತರಬೇತಾದ ಕೈಗಳಿಂದ ಹಾಕಿಸುವುದು ಜಾಣತನ. ಪ್ರವಾಸಕ್ಕೆ ಹೋಗುವವರು ಶ್ರೀರಂಗಪಟ್ಟಣದಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ತೊಣ್ಣೂರು ಕೆರೆಯ ನೀರಿಗೆ ಇಳಿಯುವ ಮಕ್ಕಳ ಮೇಲೆ ಕಣ್ಣಿರಲಿ. ಆಲೆಮನೆಯಲ್ಲಿ ಬಿಸಿ ಬೆಲ್ಲ ಕೇಳಿದರೆ ಇಲ್ಲವೆನ್ನುವ ಜನ ಈ ಸೀಮೆಯಲ್ಲಿ ಕಡಿಮೆ.