ಸುರಿಯದ ಮೋಡಗಳ ಬೆನ್ನು ಹತ್ತಿ

ಮೋಡ ನೋಡುವ ಚಟದವರು ಆಷಾಢದಲ್ಲಿ ಆಗುಂಬೆಗೆ ಓಡುತ್ತಾರೆ. ಅಲ್ಲಿ ಮೋಡದ ಒಳಗೇ ಹೊಕ್ಕಿರುತ್ತೇವೆ. ಕೊಡೆಯಾಚೆ ಏನೂ ತೋರದು. ನನಗೆ ಚಿತ್ರದುರ್ಗದ ಕೋಟೆಯೇ ಸೈ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗಲೇ ತೇವವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ದುರ್ಗಕ್ಕೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹೊರೆ ಇಳಿಸಿ ಬಂದ ಮೋಡಗಳು ಇಲ್ಲಿ ಹರಕು ಅಂಚಿನ ತುಂಡುಗಳಾಗಿ, ತೀರಾ ತಗ್ಗಿನಲ್ಲಿ, ಮೂಡಲಿಗೆ ಓಡುತ್ತಿರುತ್ತವೆ.

ಬರೀ ಆಕಾಶ ದಿಟ್ಟಿಸಿದರೆ ಈ ಓಟದ ರುಚಿ ಹತ್ತದು. ಕಣ್ಣು ಕಟ್ಟಿಹಾಕಲು ಒಂದು ಗೂಟ ಬೇಕು. ಕೋಟೆಯೊಳಗಿನ ಉಯ್ಯಾಲೆ ಕಂಬದ ಬುಡದಲ್ಲಿ ನಿಂತು ತಲೆ ಎತ್ತಿ. ತುಸು ಹೊತ್ತಿಗೆ ಮೋಡ ನಿಂತುಬಿಡುತ್ತದೆ, ಕಲ್ಲುಕಂಬವೇ ಪಡುವಲಿಗೆ ವಾಲತೊಡಗುತ್ತದೆ. ಬೀಳುವುದಿಲ್ಲವೆಂದು ಗೊತ್ತಿದ್ದೂ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಬಿಸಿಲು ಇಣುಕಿದರೆ ನೆರಳಿನ ಆಟ. ಬತೇರಿಯ ಮೇಲೆ ನಿಂತು, ಗಾಳಿಯಂತ್ರಗಳ ಗುಡ್ಡದಿಂದ ಜಾರಿ ಬರುವ ಒಂದು ನೆರಳನ್ನು ಆರಿಸಿಕೊಳ್ಳುತ್ತೇನೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ನೆರಳಿನ ವೇಗವೇ ಮೋಡದ ವೇಗ. ಗುರುತಿನ ಒಂದು ಕಿಲೋಮೀಟರನ್ನು ಅದು ನಿಮಿಷದಲ್ಲಿ ದಾಟಿದರೆ ಗಂಟೆಗೆ 60 ಕಿಲೋಮೀಟರ್ ಆಯಿತು. ನಾನೇ ಓಡಿದೆನೇನೋ ಎಂಬಷ್ಟು ಹಿಗ್ಗು! ಕಾಳಿದಾಸನ ಯಕ್ಷ, ದಣಿದಾಗ ಬೆಟ್ಟದ ಮೇಲೆ ಕೂತು ಸುಧಾರಿಸಿಕೊ ಎಂದು ಮೇಘಕ್ಕೆ ಉಪಚಾರ ಹೇಳಿದ. ಇವು ಯಾರ ಮಾತು ಕೇಳುವ ಜಾತಿಯಲ್ಲ.

ಕೆಳಗಿನ ಮೋಡ ಸೀಳಿದಾಗ ಮೇಲೊಂದು ಬೆಳ್ಳನೆಯ ಎಳೆಪದರ ಕಾಣಬಹುದು. ಅದರ ದಾರಿ ತದ್ವಿರುದ್ಧ, ಪಡುವಲಿಗೆ! ಮುಂಗಾರಿನಲ್ಲಿ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮೂಡಣ ದಿಕ್ಕಿನಿಂದ ಜೆಟ್ ಗಾಳಿ ಬೀಸುತ್ತದೆ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಕೆಳಗಿನ ಗಾಳಿಗಿಂತ ಅದು ಬಲು ಜೋರು. ದೂರದಲ್ಲಿರುವುದರಿಂದ ಆ ಪದರ ತೆವಳಿದಂತೆ ಕಾಣುತ್ತದೆ, ಅಷ್ಟೆ.

ಇದನ್ನೆಲ್ಲ ಬಾಗಿಲ ಬಳಿ ಕಡ್ಲೆಕಾಯಿ ಮಾರುವ ಅಜ್ಜಿಗೆ ಹುರುಪಿನಿಂದ ಹೇಳಿದೆ. ಅವರ ಹೊಲದಲ್ಲಿ ಇನ್ನೂ ಬಿತ್ತನೆಯಾಗಿರಲಿಲ್ಲ. ಪುನರ್ವಸು ಮಳೆಯೂ ಕೈಕೊಡುವ ಲಕ್ಷಣವಿತ್ತು.

"ಕೆಳಗಿನವು ಬರೇ ಓಡೋವು. ಮೇಲಿನವಾದ್ರೂ ಸುರೀತಾವೇನಪ್ಪಾ?"

"ಇಲ್ಲ ಅಜ್ಜಿ, ಅವು ಹಿಮದ ಹರಳು. ಇಲ್ಲೀವರೆಗೂ ಇಳಿಯಲ್ಲ."

"ಹಂಗಾದ್ರೆ ನೋಡಿದ್ದು ಸಾಕು, ಒಂದು ಸೇರು ಕಡ್ಲೆಕಾಯಿ ತಗೋ," ಎಂದು ಅಳೆದೇಬಿಟ್ಟರು.